ಮೇಲೆ ಬಿದ್ದವರು

ಎಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿ ಬಿಟ್ಟು ವಿಶಾಖಪಟ್ಟಣದ ಒಂದು ಕಾರ್ಖಾನೆಯ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದೆ. ನಮ್ಮ ಸೆಕ್ಷನ್ನಿನ ಸಾಹೇಬರು ಧಾರವಾಡದವರು. ನಮ್ಮವರೊಬ್ಬರು ಇದ್ದಾರಲ್ಲ ಎಂದು ಅವ್ವ ಊರಲ್ಲಿ ನೆಮ್ಮದಿಯಾಗಿದ್ದಳು. ಆ ನಮ್ಮವರು ಒಂದು ದಿನ ಟೈಪಿನ ತಪ್ಪಿಗೆ ಫೈಲನ್ನು ನನ್ನ ಮುಖಕ್ಕೆ ಎಸೆದು, ಕೈ ಎತ್ತಿಕೊಂಡು ಬಂದರು. ನಾನು ಹಿಂದೆ ಸರಿಯದಿದ್ದರೆ ಏಟು ಬಿದ್ದೇ ಬೀಳುತ್ತಿತ್ತು.

ದೂರು ಕೊಟ್ಟೆ. ವಿಚಾರಣೆಗೆ ಕೂತ ಅಧಿಕಾರಿ ಉತ್ತರದ ಕಡೆಯವರು, ಕನ್ನಡವಿಲ್ಲ, ತೆಲುಗಿಲ್ಲ. ನನ್ನದು ಕನ್ನಡ ಶಾಲೆಯ ಇಂಗ್ಲಿಷ್. ಮೇಲೆ ಬಿದ್ದರು ಅನ್ನುವುದನ್ನು ಹಾಗೆಯೇ ಎತ್ತಿ ಇಟ್ಟೆ: "ಸರ್, ಹಿ ಫೆಲ್ ಆನ್ ಮಿ." ಅಧಿಕಾರಿಗೆ ತಿಳಿಯಲಿಲ್ಲ. ಇವಳು ನಿಮ್ಮ ಭಾಷೆಯವಳಲ್ಲವೇ, ಏನು ಹೇಳುತ್ತಿದ್ದಾಳೆ ಎಂದು ಸಾಹೇಬರನ್ನೇ ಕೇಳಿದರು. ಆ ಕೋಣೆಯಲ್ಲಿ ನನ್ನ ಮಾತಿನ ಅರ್ಥ ಗೊತ್ತಿದ್ದ ಒಬ್ಬನೇ ಮನುಷ್ಯ ಹಲ್ಲು ಕಿರಿದು, ನೆಲ ಒದ್ದೆಯಿತ್ತು, ಜಾರಿ ಇವಳ ಮೇಲೆ ಬಿದ್ದೆ, ಅದನ್ನೇ ಹೇಳುತ್ತಿದ್ದಾಳೆ ಎಂದ. ಎಲ್ಲರೂ ನಕ್ಕರು. ದೂರು ಅಲ್ಲಿಗೇ ಮುಗಿಯಿತು. ಅಲ್ಲಿಂದಾಚೆಗೆ ಅವನು ನನಗೆ ಬಹುವಚನದ ಮನುಷ್ಯನಲ್ಲ.

ಮೈಯೆಲ್ಲ ಉರಿದುಹೋಗಿತ್ತು. ಮರುದಿನ ಟೌನ್‌ಶಿಪ್ ಲೈಬ್ರರಿಯ ದಪ್ಪ ಡಿಕ್ಷನರಿ ತೆಗೆದು ನೋಡಿದೆ. ಫಾಲ್ ಆನ್ ಅಂದರೆ ಆಕ್ರಮಣ ಮಾಡು ಎಂದೂ ಅರ್ಥವಿತ್ತು. ನನ್ನ ಇಂಗ್ಲಿಷ್ ಸರಿಯಾಗಿಯೇ ಇತ್ತು, ಹಾಳಾದ್ದು. ಅಂದಿನಿಂದ ಸೆಟ್ ಅಪಾನ್, ಲೇ ಇಂಟು, ಗೋ ಫಾರ್ ಎಂದು, ಒಬ್ಬರ ಮೇಲೊಬ್ಬರು ಏರಿಹೋಗಲು ಇಂಗ್ಲಿಷಿನಲ್ಲಿ ಎಷ್ಟು ಮಾತುಗಳಿವೆಯೋ ಅಷ್ಟನ್ನೂ ಕಲಿತೆ. ಬೇರೆ ಹುಡುಗಿಯರು ಸಂಜೆ ಋಷಿಕೊಂಡದ ಕಡಲಿಗೆ ಹೋದರೆ ನಾನು ಅವನ ಮೋರೆ ನೆನೆಸಿಕೊಂಡು ಉರುಹೊಡೆಯುತ್ತಿದ್ದೆ. ತೆಲುಗನ್ನೂ ಬಿಡಲಿಲ್ಲ. ಹೋಗಲಿ ಬಿಡು ಎಂದವರ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ತೊಂಬತ್ತರ ದಶಕದಲ್ಲಿ ವಿಜಯವಾಡಕ್ಕೆ, ಆಟೋನಗರ್ ಪಕ್ಕದ ಕಚೇರಿಗೆ ನನಗೆ ವರ್ಗವಾಯಿತು. ಸ್ವಲ್ಪ ಕಾಲಕ್ಕೆ ಅವನೂ ಅಲ್ಲಿಗೇ ದೊಡ್ಡ ಸಾಹೇಬನಾಗಿ ಬಂದ. ತಲೆ ಬೆಳ್ಳಗಾಗಿತ್ತು, ಕೈ ಹಾಗೇ ಇತ್ತು. ಹಳೆಯದನ್ನೆಲ್ಲ ಮರೆತೇಬಿಟ್ಟಿದ್ದ, ಅದು ನನ್ನ ಹೊಟ್ಟೆಯನ್ನು ಇನ್ನಷ್ಟು ಉರಿಸಿತು. ಒಂದು ದಿನ ಹೊಸ ಟೈಪಿಸ್ಟ್ ಹುಡುಗಿಯ ಕಪಾಳಕ್ಕೆ ಹೊಡೆದ. ಆ ಹುಡುಗಿಗೆ ತೆಲುಗು ಬಿಟ್ಟರೆ ಬೇರೆ ಮಾತಾಡಲು ಬಾರದು, ವಿಚಾರಣೆಗೆ ಬಂದ ಹೆಡ್ ಆಫೀಸಿನ ಅಧಿಕಾರಿಗೆ ತೆಲುಗು ಬಾರದು. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನನ್ನನ್ನು ಕೂರಿಸಿದರು. ದೇವರಿದ್ದಾನೆ ಅನ್ನಿಸಿತು.

"ನಾ ಮೀದ ಪಡ್ಡಾರು," ಅಂದಳು ಹುಡುಗಿ. ಮೇಲೆ ಬಿದ್ದರು ಅನ್ನುವ ಅದೇ ಮಾತು, ತೆಲುಗಿನಲ್ಲಿ. ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಕಡೆ ಬಾಗಿ, ಬೇರೆ ಯಾರಿಗೂ ತಿಳಿಯದೆಂಬ ಧೈರ್ಯದಿಂದ ಕನ್ನಡದಲ್ಲಿ ಹೇಳಿದ.

"ನೀವು ನಮ್ಮ ಮಂದಿ ಅದೀರಿ. ಗೊತ್ತಾಗದ ಕೈ ತಾಕೇತಿ ಅಂತ ಹೇಳಿಬಿಡ್ರಿ. ಹುಡುಗಿ ಬಾಯಿ ನಾ ಮುಚ್ಚಸ್ತೇನಿ."

ಇವರಿಬ್ಬರೂ ಏನಂದರು ಎಂದು ಅಧಿಕಾರಿ ನನ್ನನ್ನು ಕೇಳಿದರು. ಮೊದಲು ಹುಡುಗಿಯ ಮಾತು ಹೇಳಿದೆ: ಇವರು ನನ್ನ ಮೇಲೆ ಕೈ ಮಾಡಿದರು. ಆಮೇಲೆ ಅವನ ಮಾತನ್ನು ಒಂದಕ್ಷರ ಬಿಡದೆ, ಬರೆದುಕೊಳ್ಳುವವರಿಗೆ ಅನುಕೂಲವಾಗುವಂತೆ ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳಿದೆ.