ಬಂದರೂ ಹೇಳದ ಒಟಿಪಿ

“ಅಕ್ಕಾ, ನಿಮ್ ಫೋನಿಗೆ ಒಟಿಪಿ ಬಂದೈತಂತೆ, ಬೇಗ ಹೇಳಕ್ಕ!”

ಸಕಲೇಶಪುರದ ಸೈಬರ್ ಅಂಗಡಿಯಿಂದ ಕರೆ ಮಾಡಿದ್ದವಳು ನಮ್ಮ ಎಸ್ಟೇಟಿನ ಕೂಲಿ ಲೈನ್‌ಮನೆಯ ಭಾಗ್ಯ. ಆಸ್ಪತ್ರೆ ಕೆಲಸದ ಅರ್ಜಿಗೆಂದು ಹೊಸ ಇಮೇಲ್ ಖಾತೆ ಮಾಡಿಸುತ್ತಿದ್ದಳು. ರೇಷನ್ನಿಗಾಗಲಿ, ಗ್ಯಾಸಿಗಾಗಲಿ, ಲೈನಿನವರೆಲ್ಲ ಕೊಡುವುದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿರುವ ನನ್ನ ಗಂಡನ ನಂಬರನ್ನೇ. ಆ ಫೋನ್ ಆಗ ನನ್ನ ಕೈಯಲ್ಲಿತ್ತು. ಆರು ಅಂಕಿಗಳೂ ಬಂದಿದ್ದವು.

ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಇವರು ಮೆಲ್ಲಗೆ, “ಬಂದಿಲ್ಲ ಅನ್ನು. ಇವಳೂ ಹೋಗ್ಬುಟ್ರೆ ಹಣ್ಣು ಕುಯ್ಯೋರ್ಯಾರು?” ಎಂದರು.

“ಬಂದಿಲ್ಲ ಕಣಮ್ಮ” ಎಂದುಬಿಟ್ಟೆ.

ಮರುದಿನ ಕಾಫಿ ಹಣ್ಣು ಕುಯ್ಯಲು ಬಂದವಳು ನನ್ನನ್ನು ಕಂಡು ನಿಂತಳು. “ನೆಟ್‌ವರ್ಕ್ ಇರ್ಲಿಲ್ಲ ಅನ್ಸುತ್ತೆ. ಸುಮ್ನೆ ನಿಮ್ಗೂ ತೊಂದ್ರೆ ಕೊಟ್ಟೆ ಕಣಕ್ಕ.”

ಅರ್ಜಿ ಹಾಕುವ ಗಡುವು ಹಿಂದಿನ ದಿನವೇ ಮುಗಿದಿತ್ತು. ಅವಳು ಬೈದಿದ್ದರೆ ಎಂದೋ ಮರೆತಿರುತ್ತಿದ್ದೆ.