ಸಿಸ್ಟರಮ್ಮನ ನಾಲ್ಕು ಕೊಡ ಸಮುದ್ರ

ರತ್ನಮ್ಮ ಸಿಸ್ಟರ್ ಯಾರ ಮನೆಗೆ ಹೋದರೂ ಕೂರುವ ಮೊದಲು ಮನೆಮಂದಿಯ ತಲೆ ಎಣಿಸುತ್ತಿದ್ದರು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಸದ್ದಿಲ್ಲದೆ ಓಡುತ್ತಿತ್ತು. ನಮ್ಮ ಮನೆಗೆ ಮೊದಲ ಸಲ ಬಂದಾಗ ನನ್ನ ಇಬ್ಬರು ಮಕ್ಕಳನ್ನು ನೋಡಿ, "ಸಾಕು ಮಾಡ್ರಿ ಇಷ್ಟಕ್ಕ" ಎಂದರು. ಹಿರಿಯ ಮಗ ಆಗ ಡಿಗ್ರಿ ಓದುತ್ತಿದ್ದ, ನನ್ನ ಹೆಂಡತಿಯ ಕೂದಲು ಅರ್ಧ ಬೆಳ್ಳಗಾಗಿತ್ತು. ಆದರೂ ಇಬ್ಬರೂ ವಿಧೇಯರಾಗಿ ತಲೆಯಾಡಿಸಿದೆವು. ಅವರ ದನಿಯೇ ಹಾಗಿತ್ತು.

ದೇವದುರ್ಗ ತಾಲೂಕಿನ ಮಸರಕಲ್ ಕಡೆಯ ಹಳ್ಳಿಗಳಲ್ಲಿ ಇಡೀ ನೌಕರಿ ಮುಗಿಸಿದ ನರ್ಸು ಅವರು. ಹೆರಿಗೆ ಮಾಡಿಸುವುದು ಒಂದು ಕೆಲಸ, ಇನ್ನು ಹೆರಬೇಡಿ ಎಂದು ಹೇಳುವುದು ಇನ್ನೊಂದು. ಮೊದಲನೆಯದು ಎಷ್ಟು ಚೆನ್ನಾಗಿ ನಡೆಯಿತೆಂದರೆ, ಎರಡನೆಯದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಸ್ಟರಮ್ಮ ಇರುವಾಗ ಹೆರಲು ಭಯವೇಕೆ ಎಂದು ಹೆಂಗಸರು ನಿಶ್ಚಿಂತೆಯಿಂದ ಹೆರುತ್ತಿದ್ದರಂತೆ. ಅವರು ಮಾತ್ರ ಮದುವೆಯಾಗಲಿಲ್ಲ. ಮಕ್ಕಳ ವಿಷಯ ನಿಮಗೇನು ಗೊತ್ತು ಎಂದು ಯಾರಾದರೂ ಕೆಣಕಿದರೆ, ಸಾರಿಗೆ ಉಪ್ಪು ಹೆಚ್ಚಾಯಿತೆನ್ನಲು ತಾನೇ ಒಲೆ ಊದಬೇಕೇ ಎಂದು ಬಾಯಿ ಮುಚ್ಚಿಸುತ್ತಿದ್ದರಂತೆ.

ನಿವೃತ್ತರಾದ ಮೇಲೆ ರಾಯಚೂರಿಗೆ ಬಂದು ನಮ್ಮ ಪಕ್ಕದ ಎರಡು ಕೋಣೆಯ ಮನೆ ಹಿಡಿದರು. ಶಕ್ತಿನಗರದ ಎಂಜಿನಿಯರ್ ಒಬ್ಬನ ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡಿದ್ದರು. ಆತನಿಗೆ ಸಮುದ್ರದ ಮೀನು ಸಾಕುವ ಹುಚ್ಚು. ಹೊಸದಾಗಿ ದೊಡ್ಡ ಗಾಜಿನ ತೊಟ್ಟಿ ಕೊಂಡಾಗ, ಹಳೆಯ ಚಿಕ್ಕದನ್ನು ಒಂದು ಜೋಡಿ ಮೀನಿನ ಸಮೇತ ಸಿಸ್ಟರಿಗೆ ತಂದುಕೊಟ್ಟ. ಕೇಸರಿ ಮೈ, ಬಿಳಿ ಪಟ್ಟೆ. ಸಮುದ್ರದಿಂದ ಇಷ್ಟು ದೂರದ, ಬೇಸಿಗೆಯಲ್ಲಿ ನಲ್ಲಿಯ ನೀರೇ ಕುದಿಯುವ ನಮ್ಮ ಊರಿನಲ್ಲಿ ನಾಲ್ಕು ಕೊಡದಷ್ಟು ಉಪ್ಪುನೀರು ಮೇಜಿನ ಮೇಲೆ ನಿಂತಿತು.

ನೋಡಲು ಬಂದವರೆಲ್ಲ ಕೇಳುವುದು ಒಂದೇ: ಇಷ್ಟು ದೊಡ್ಡ ಪೆಟ್ಟಿಗೆಗೆ ಎರಡೇ ಮೀನೇ? ಸಿಸ್ಟರಿಗೆ ಬೇಕಾದದ್ದೂ ಅದೇ. ಸೆರಗು ಸರಿಮಾಡಿಕೊಂಡು ಶುರುಮಾಡುತ್ತಿದ್ದರು.

"ಸಮುದ್ರ ದೊಡ್ಡದು, ಎಲ್ಲಾರ ಹೊಲಸೂ ನುಂಗತದ. ಇದು ನಾಕು ಕೊಡ ಅದ. ಒಂದು ಮೀನು ಹೆಚ್ಚಾತಂದ್ರ ಅದರ ಹೊಲಸೇ ಅದಕ್ಕ ವಿಷ ಆಗತದ. ಜಾಗ ನೋಡಿ ಜೀವಾ ಇಡಬೇಕು."

ಮಸರಕಲ್‌ನಲ್ಲಿ ಯಾರೂ ಕೇಳದಿದ್ದ ಭಾಷಣವನ್ನು ನಮ್ಮ ಓಣಿ ಚಹಾ ಕುಡಿಯುತ್ತ ಪೂರ್ತಿ ಕೇಳಿತು. ನೀರು ಇಂಗಿದಾಗ ಒಂದು ಹಿಡಿ ಉಪ್ಪು ಹಾಕಲೇ ಎಂದು ನಾನು ಕೇಳಿ ಬೈಸಿಕೊಂಡಿದ್ದೆ. ನೀರಷ್ಟೇ ಹಾರಿಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಸಪ್ಪೆ ನೀರೇ ಸುರಿಯಬೇಕು ಎಂದು ತಿದ್ದಿದರು. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಇಷ್ಟೂ ತಿಳಿಯದೇ ಎಂದು ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿದರಂತೆ.

ಒಂದು ಬೇಸಿಗೆಯಲ್ಲಿ ಮಾನ್ವಿಯಲ್ಲಿದ್ದ ಅವರ ತಂಗಿಯ ಮಗ ಹೈದರಾಬಾದಿನಿಂದ ನಾಲ್ಕು ಮೀನು ತಂದ. ದೊಡ್ಡಮ್ಮನ ತೊಟ್ಟಿ ಖಾಲಿ ಖಾಲಿ ಕಾಣುತ್ತದೆ ಎಂದು ಅವನಿಗೆ ಬೇಸರವಂತೆ. ನೀರು ತುಂಬಿದ ಚೀಲಗಳನ್ನು ಅವರ ಕೈಗಿಟ್ಟು ಮಾನ್ವಿ ಬಸ್ಸು ಹಿಡಿದ. ಸಿಸ್ಟರ್ ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಶಕ್ತಿನಗರಕ್ಕೆ ಕೊಟ್ಟುಬಿಡೋಣವೆಂದರೆ ಎಂಜಿನಿಯರ್ ರಜೆಯ ಮೇಲೆ ಊರಿಗೆ ಹೋಗಿದ್ದ. ಚೀಲದಲ್ಲಿ ಮೀನು ಬಾಯಿ ತೆರೆದು ಮುಚ್ಚುತ್ತಿದ್ದವು. ಅವನು ಬರುವ ತನಕ ಅಷ್ಟೇ ಎಂದು ಆಣೆ ಮಾಡುವವರಂತೆ ನನಗೆ ಹೇಳಿ, ಒಂದೊಂದಾಗಿ ತೊಟ್ಟಿಗೆ ಬಿಟ್ಟರು.

ಅದೇ ವಾರ ಮಸರಕಲ್‌ನ ಹನುಮವ್ವ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಸಿಸ್ಟರ ಮನೆಯಲ್ಲಿ ಇಳಿದುಕೊಂಡಳು. ಅವಳ ಆರೂ ಮಕ್ಕಳ ಹೆರಿಗೆ ಮಾಡಿಸಿದವರು ಇವರೇ. ಎರಡನೆಯದಾದ ಮೇಲೆ ಪ್ರತಿಯೊಂದಕ್ಕೂ ಬೈದವರೂ ಇವರೇ. ನಾನು ಮಾತಾಡಿಸಲು ಹೋದಾಗ ಸಿಸ್ಟರ್ ಅಭ್ಯಾಸಬಲದಿಂದ ಅವಳಿಗೂ ತೊಟ್ಟಿಯ ನಿಯಮ ಹೇಳುತ್ತಿದ್ದರು: ಇಷ್ಟು ನೀರಿಗೆ ಎರಡೇ.

ಹನುಮವ್ವ ಪಟ್ಟಿ ಕಟ್ಟದ ಕಣ್ಣಿನಿಂದ ನಿಧಾನವಾಗಿ ಎಣಿಸಿದಳು.

"ಮತ್ತ ಆರು ಅದಾವಲ್ರೀ ಸಿಸ್ಟರಮ್ಮ?"

"ಬಂದ್ವು. ಬಂದವನ್ನ ಏನ್ ಮಾಡ್ಲಿ?"

ಹನುಮವ್ವ ಗಾಜಿನಿಂದ ಕಣ್ಣು ತೆಗೆದು ಅವರತ್ತ ತಿರುಗಿದಳು. "ನಾನೂ ಅದನ್ನೇ ಹೇಳ್ತಿದ್ದೆ ಯವ್ವಾ" ಎಂದಳು.

ಸಿಸ್ಟರ್ ಎದ್ದು ಒಳಗೆ ಹೋದರು. ಚಹಾ ಬಂತು. ಭಾಷಣ ಮುಂದುವರಿಯಲಿಲ್ಲ.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ನಾಡಿಗೆಲ್ಲ ಬೆಳಕು ಕಳಿಸುವ ಶಕ್ತಿನಗರದ ಪಕ್ಕದಲ್ಲೇ ಇರುವ ನಮಗೆ ಇದು ಹೊಸದಲ್ಲ. ಆದರೆ ತೊಟ್ಟಿಯಲ್ಲಿ ಗಾಳಿಯಾಡಿಸುವ ಮೋಟಾರು ನಿಂತು, ನೀರು ಬಿಸಿಯಾಗುತ್ತ ಹೋದಂತೆ ಆರೂ ಮೀನು ಮೇಲೆ ಬಂದು ಗುಟುಕರಿಸತೊಡಗಿದವು. ಸಿಸ್ಟರ್ ಲೋಟದಲ್ಲಿ ನೀರೆತ್ತಿ ಮೇಲಿನಿಂದ ಸುರಿದು ನೊರೆ ಎಬ್ಬಿಸಿದರು. ಕೈ ಸೋತಾಗ ನಾನು ಸುರಿದೆ. ಬಗ್ಗಬಾರದೆಂದು ಡಾಕ್ಟರು ಹೇಳಿದ್ದರಿಂದ ಹನುಮವ್ವ ನಿಂತುಕೊಂಡೇ ಬೀಸಣಿಗೆ ಬೀಸಿದಳು. ಸಿಸ್ಟರ್ ಗಾಜಿಗೆ ಮುಖವಿಟ್ಟು, "ಉಸಿರು ತಗೋ ನನ್ನವ್ವಾ, ಇನ್ನೊಂದು ತಗೋ" ಎನ್ನುತ್ತಿದ್ದರು. ಆ ದನಿ ಮೀನಿಗಾಗಿ ಹುಟ್ಟಿದ್ದಲ್ಲ ಎಂದು ನನಗೂ ತಿಳಿಯಿತು.

ಸಂಜೆ ಕರೆಂಟು ಬರುವಷ್ಟರಲ್ಲಿ ಹೊಸದಾಗಿ ಬಂದ ನಾಲ್ಕರಲ್ಲಿ ಎರಡು ಅಡ್ಡ ಮಲಗಿದ್ದವು. ಹಿತ್ತಿಲ ನುಗ್ಗೆ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಕೈ ತೊಳೆಯುವಾಗ ಸಿಸ್ಟರ್ ಅಳುತ್ತಿದ್ದರು. ಮೀನಿಗೆ ಇಷ್ಟು ಅಳುವುದೇ ಎಂದು ಹನುಮವ್ವ ಸಮಾಧಾನ ಮಾಡಿದಳು.

"ಕೈಯಾಗ ಹೋದ ಕೂಸುಗಳಿಗಿ ಅತ್ತಿಲ್ಲ ಹನುಮವ್ವ. ಮುಂದಿನಾಕಿ ಬ್ಯಾನಿ ತಿನ್ನಾಕತ್ತಿರ್ತಿದ್ಲು. ಅಳಾಕ ಯಾಳೆ ಎಲ್ಲಿತ್ತು?"

ಹನುಮವ್ವ ಅವರ ಕೈಗೆ ನೀರು ಹನಿಸಿದಳು.

ಎಂಜಿನಿಯರ್ ಬಂದ ಮೇಲೆ ಉಳಿದ ಎರಡು ಹೊಸ ಮೀನುಗಳನ್ನು ಒಯ್ದ. ಹಳೆಯ ಜೋಡಿ ಇನ್ನೂ ಕೆಲವು ವರ್ಷ ಮೇಜಿನ ಮೇಲಿತ್ತು. ಸಿಸ್ಟರಿಗೆ ಮಂಡಿನೋವು ಬಲವಾಗಿ, ತಂಗಿ ಮಾನ್ವಿಗೆ ಬಂದು ಇರು ಎಂದು ಕರೆದಾಗ, ಆ ಜೋಡಿಯನ್ನೂ ಬಕೆಟ್ಟಿನಲ್ಲಿಟ್ಟುಕೊಂಡು ನಾವಿಬ್ಬರೂ ಆಟೋದಲ್ಲಿ ಶಕ್ತಿನಗರಕ್ಕೆ ಹೋದೆವು. ದೊಡ್ಡ ತೊಟ್ಟಿಗೆ ಬಿದ್ದದ್ದೇ ತಡ, ಅವು ಒಂದು ಮೂಲೆ ಹಿಡಿದು ತಮಗಿಂತ ದೊಡ್ಡ ಮೀನುಗಳನ್ನು ಅಟ್ಟತೊಡಗಿದವು. ಹೊಸ ಮನೆಯಲ್ಲಿ ಒಂದು ದಿನವಾದರೂ ತಲೆ ತಗ್ಗಿಸಿ ಇರಬಾರದೇ ಎಂದು ಸಿಸ್ಟರ್ ಎಂಜಿನಿಯರನ ಮುಂದೆ ನಾಚಿಕೊಂಡರು. ಆಟೋ ಹತ್ತುವಾಗ ಮಾತ್ರ ನನಗಷ್ಟೇ ಕೇಳುವಂತೆ, "ಜೋರು ಅದಾವ, ಬದುಕ್ತಾವ" ಎಂದರು.

ಅವರು ತೀರಿಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ನಾನು ಮಾನ್ವಿ ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ತಂಗಿಯ ಮನೆ ಚಿಕ್ಕದು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸೇರಿ ಕಾಲಿಡಲು ಜಾಗವಿರಲಿಲ್ಲ. ಸಿಸ್ಟರ ಕೋಣೆ ಯಾವುದಾಗಿತ್ತು ಎಂದು ಕೇಳಿದೆ. ತಂಗಿ ಜೋಳದ ಚೀಲಗಳಿಗೂ ಗೋಡೆಗೂ ನಡುವಿನ ನೆಲ ತೋರಿಸಿದರು. ಸುತ್ತಿಟ್ಟ ಚಾಪೆಯೊಂದು ಅಲ್ಲಿತ್ತು.

"ಸಣ್ಣ ಹುಡುಗ್ರು ಆ ಕಡಿ ಈ ಕಡಿ ಬಿದ್ದಿರ್ತಿದ್ರು ಮಾಸ್ತರ್ರೇ. ಬ್ಯಾರೆ ಕೋಣಿ ಮಾಡಿಕೊಡ್ತೀವಿ ಅಂದ್ರ ಬ್ಯಾಡಂದಳು. ಇಲ್ಲೇ ಚಲೋ ಗಾಳಿ ಆಡತದ ಅಂದಳು."

ನಾನು ನೋಡಿದೆ. ಆ ಗೋಡೆಗೆ ಕಿಟಕಿ ಇರಲಿಲ್ಲ.