ಅತ್ತೆಯ ಒರಳಿನ ಕಲ್ಲುಹೂವು

ನನ್ನ ಮೊಮ್ಮಗಳು ಭಾಗ್ಯ ಇವತ್ತು ಡಾಕ್ಟರ್ ಆದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಕಲ್ಲುಹೂವನ್ನು ಓದಿದ ಡಾಕ್ಟರು. ಬೆಳಿಗ್ಗೆ ಫೋನು ಬಂದಾಗಿನಿಂದ ರಾಮಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಹೇಳಿ ಬಂದೆ. ಉಳಿದವರು ನೀವೊಬ್ಬರೇ, ಕೂತು ಓದಿ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅಕ್ಷರ ಸೊಟ್ಟಗಿದ್ದರೂ ಸಂತೋಷ ನೆಟ್ಟಗಿದೆ.

ಕಲ್ಲುಹೂವು ನಿಮ್ಮ ಮಸಾಲೆ ಡಬ್ಬಿಯಲ್ಲೂ ಇದ್ದೀತು. ಬಂಡೆಗಳ ಮೇಲೆ ಬೂದಿ, ಹಳದಿ, ತುಕ್ಕಿನ ಬಣ್ಣಗಳಲ್ಲಿ ಚಕ್ಕೆ ಚಕ್ಕೆಯಾಗಿ ಅಂಟಿಕೊಂಡಿರುವುದೂ ಅದರ ಬಳಗವೇ. ಭಾಗ್ಯ ಇದನ್ನು ಓದುತ್ತೇನೆಂದಾಗ ನಮ್ಮ ಯಜಮಾನರು, "ಸಾರಿಗೆ ಹಾಕೋದನ್ನ ಓದಾಕೆ ಚಿತ್ರದುರ್ಗಕ್ಕೆ ಯಾಕೆ ಹೋಗ್ಬೇಕವ್ವ, ನಿಮ್ಮಜ್ಜಿ ಡಬ್ಬಿ ಮುಚ್ಚಳ ತೆಗೆದ್ರೆ ಸಾಕಲ್ಲ" ಎಂದು ನಕ್ಕಿದ್ದರು.

ಅವಳು ಹೇಳಿದ್ದು ಇಷ್ಟು. ಅದು ಒಂದು ಜೀವವಲ್ಲ, ಒಂದೇ ಸಂಸಾರ ಹೂಡಿದ ಎರಡು. ಬೂಷ್ಟು ಮನೆ ಕಟ್ಟುತ್ತದೆ, ಪಾಚಿ ಒಳಗೆ ಕೂತು ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಬೇರಿಲ್ಲದ ಕಾರಣ ಗಾಳಿ ಮಳೆ ತಂದದ್ದನ್ನೇ ಉಣ್ಣಬೇಕು. ಗಣಿಗುಡ್ಡದ ಧೂಳಿನೊಂದಿಗೆ ತಾಮ್ರವೋ ಮ್ಯಾಂಗನೀಸೋ ಬಂದರೆ ಅದನ್ನೂ. ಆಗ ಬೂಷ್ಟು ಆ ಲೋಹವನ್ನು ತನ್ನ ಗೋಡೆಗೇ ಅಂಟಿಸಿಕೊಂಡು, ಹುಳಿ ಸುರಿಸಿ ಕಟ್ಟಿಹಾಕಿ, ಒಳಗಿನ ಪಾಚಿಯನ್ನು ಕಾಯುತ್ತದೆಯಂತೆ. ಮಿತಿ ಮೀರಿದರೆ ಮಾತ್ರ ಹಸಿರು ಬಿಳುಚಿ ಒಲೆ ಆರುತ್ತದೆ. ಗಣಿಯ ಕಲ್ಲುಹೂವು ಎಷ್ಟು ನುಂಗಿದೆಯೆಂದು ತಿಳಿಯಲು ಹೋಲಿಸಿ ನೋಡಲು ಧೂಳು ಕಾಣದ ಜಾಗದ ಅದೇ ಜಾತಿಯದು ಬೇಕು. ಬಹಳ ಅಲೆದ ಮೇಲೆ ಅವಳಿಗೆ ಅದು ಸಿಕ್ಕಿದ್ದು ನಮ್ಮ ಮನೆದೇವರ ಬಂಡೆಯಲ್ಲಿ.

ಅದು ತಿಳಿಯದೆ ಆ ಬಂಡೆಯನ್ನು ನಾನು ತಿಕ್ಕಿಬಿಟ್ಟೆ. ಹಬ್ಬದ ಮುಂಚೆ ತೆಂಗಿನ ನಾರು ಹಿಡಿದು ಉಜ್ಜಿ, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆಯುವುದು ಈ ಮನೆಗೆ ಬಂದಾಗಿನಿಂದ ನನ್ನ ಕೆಲಸ. ಎದುರು ಮುಖಕ್ಕಷ್ಟೇ ಮಾಡುತ್ತಿದ್ದವಳು ಆ ವರ್ಷ ಹಿಂಬದಿಯನ್ನೂ ಬಿಡಲಿಲ್ಲ. ಚೂರು ತೆಗೆದುಕೊಂಡು ಹೋಗಲು ಬಂದ ಭಾಗ್ಯ ಬಂಡೆಯ ಮುಂದೆ ನಿಂತೇ ಇದ್ದಳು.

"ಹೆಂಗೆ ಹೊಳೀತೈತೆ ನೋಡು, ಅಷ್ಟು ಹೊಲಸಿತ್ತು" ಅಂದೆ.

"ಹೊಲಸಲ್ಲಜ್ಜಿ. ನನ್ನ ಓದೆಲ್ಲ ಅದ್ರ ಮೇಲೇ ನಿಂತಿತ್ತು."

ಎರಡು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಬೈಯಲಿಲ್ಲ. ಮೂರನೆಯ ದಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ನಮ್ಮತ್ತೆಯ ಒರಳು ಕಣ್ಣಿಗೆ ಬಿತ್ತು. ಮಿಕ್ಸಿ ಬಂದ ವರ್ಷ ಗೋಡೆಯ ಪಕ್ಕಕ್ಕೆ ಉರುಳಿಸಿದ್ದು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಮೈತುಂಬ ಬೂದಿಬಣ್ಣದ ಹೂವು.

"ಲೇ ಭಾಗ್ಯ, ಇದಾಗತೈತಾ ನೋಡು."

ಅವಳು ಮಂಡಿಯೂರಿ ಕೂತು, ಭೂತಗನ್ನಡಿ ಹಿಡಿದು, ಬಹಳ ಹೊತ್ತಿನ ಮೇಲೆ ತಲೆ ಎತ್ತಿದಳು. "ಅದೇ ಜಾತಿ ಕಣಜ್ಜಿ. ನೀನು ಇದನ್ನ ಯಾಕೆ ತಿಕ್ಕಲಿಲ್ಲ?"

"ಮರ್ತಿದ್ದೆ ಕಣವ್ವ."

ಮರೆವೂ ಒಮ್ಮೊಮ್ಮೆ ಕಾಪಾಡುತ್ತದೆ ನೋಡಿ. ಬಾಳೆಲ್ಲ ತೊಳೆದು ಬಳಿದ ನಾನು, ಕೈಬಿಟ್ಟ ಒಂದೇ ಕಲ್ಲಿನಿಂದ ಮೊಮ್ಮಗಳಿಗೆ ಆಸರೆಯಾದೆ. ಆ ಒರಳಲ್ಲಿ ರುಬ್ಬುತ್ತಿದ್ದ ಅತ್ತೆಯೂ ನೆನಪಾಗುತ್ತಾರೆ. ಊರ ಮಾತಿನ ಖಾರವನ್ನೆಲ್ಲ ತಾವೇ ನುಂಗಿ, ಹೊಸ್ತಿಲಿನಿಂದ ಈಚೆ ನಮಗೆ ತಾಗಗೊಡುತ್ತಿರಲಿಲ್ಲ. ಆಗ ನಾನು ಅವರನ್ನು ಒರಟು ಹೆಂಗಸೆಂದುಕೊಂಡಿದ್ದೆ. ಗೋಡೆ ಒರಟಾಗಿಯೇ ಇರಬೇಕೆಂದು ಈಗ ತಿಳಿಯಿತು.

ಸಂಜೆ ಬಸ್ಸಿಗೆ ಭಾಗ್ಯ ಬಂದಳು. ಸೊಸೆ ಹಿಗ್ಗಿನಲ್ಲಿ, "ಅತ್ತೆ, ಇವತ್ತು ಚಟ್ನಿ ಒರಳಲ್ಲೇ ರುಬ್ಬಾಣ, ತೊಳ್ಕೊಂಡು ಬರ್ಲಾ?" ಅಂದಳು.

"ಮಿಕ್ಸಿಗೇ ಹಾಕವ್ವ. ಅದ್ರ ತಂಟೆಗೆ ಹೋಗ್ಬ್ಯಾಡ."

ಹಿತ್ತಿಲಲ್ಲೇ ಚಾಪೆ ಹಾಸಿ ಮನೆಮಂದಿಯೆಲ್ಲ ಉಣ್ಣಲು ಕೂತೆವು. ಭಾಗ್ಯ ಒರಳಿನ ಮಗ್ಗುಲಲ್ಲಿ ಕೂತು ಮೂರನೇ ಹೋಳಿಗೆಗೆ ಎಲೆ ಚಾಚಿದಳು. ತುಪ್ಪದ ಹನಿ ಒರಳಿನ ಮೇಲೆ ಸಿಡಿಯದಂತೆ ನಾನು ಸೆರಗು ಅಡ್ಡ ಹಿಡಿದು ಬಡಿಸಿದೆ.

"ಬಂಡೆ ತಿಕ್ಕಿದ ಕೈ ನೋಡ್ರಪ್ಪ ಇದು" ಅಂದರು ಯಜಮಾನರು. ಎಲ್ಲರೂ ನಕ್ಕರು, ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಭಾಗ್ಯ ಎಲ್ಲರಿಗಿಂತ ಜೋರಾಗಿ ನಕ್ಕಳು.